ಹನಿ ಮುಟ್ಟದ ಕುಡುಕ

ಸಂಭಾಜಿನಗರದ ಚಿಕಲಠಾಣಾದ ಕಾರ್ಖಾನೆಗಳ ನಡುವೆ ನಿಂತು ಮುದ್ದಣ್ಣ ಎಲ್ಲಿ ಸಿಗುತ್ತಾನೆ ಎಂದು ಕೇಳಿದರೆ ಒಬ್ಬನಿಗೂ ಗೊತ್ತಾಗುವುದಿಲ್ಲ. ‘ಬೇವಡಾ ಅಣ್ಣಾ’ ಎಂದು ಕೇಳಿ ನೋಡಿ, ಪಾನ್ ಅಂಗಡಿಯವನು ಸುಣ್ಣದ ಕೈಯಲ್ಲೇ ದಾರಿ ತೋರಿಸುತ್ತಾನೆ. ಬೇವಡಾ ಎಂದರೆ ಆ ಕಡೆಯ ಮಾತಿನಲ್ಲಿ ಮಹಾ ಕುಡುಕ. ಜನರನ್ನು ಪೂರ್ತಿ ದೂರುವಂತೆಯೂ ಇಲ್ಲ. ಮುದ್ದಣ್ಣ ನಡೆದರೆ ಎಡಗಾಲು ಇದ್ದಕ್ಕಿದ್ದಂತೆ ಪಕ್ಕಕ್ಕೆ ಹಾರುತ್ತದೆ, ಭುಜ ಕುಣಿಯುತ್ತದೆ, ಕೈ ಯಾರನ್ನೋ ಕರೆಯುವಂತೆ ಮೇಲೇಳುತ್ತದೆ. ಕಚ್ಚಿಕೊಂಡು ಕಚ್ಚಿಕೊಂಡು ತುಟಿಯೆಲ್ಲ ಗಾಯ. ಮಾತು ನಾಲಿಗೆಗೆ ಸಿಕ್ಕಿ ಅರ್ಧ ಹೊರಗೆ ಬರುತ್ತದೆ, ಅರ್ಧ ಒಳಗೇ ಉಳಿಯುತ್ತದೆ.

ಈ ಮನುಷ್ಯ ಹುಟ್ಟಿದಾಗಿನಿಂದ ಒಂದು ಹನಿ ಹೆಂಡ ಮುಟ್ಟಿದವನಲ್ಲ.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಲೋಕ ಅದನ್ನು ಹೆಂಡ ಎನ್ನುತ್ತದೆಯಂತೆ. ಮುದ್ದಣ್ಣನ ಪಾಲಿಗೆ ಮರವೂ ಇರಲಿಲ್ಲ, ಮಜ್ಜಿಗೆಯೂ ಇರಲಿಲ್ಲ. ಒಮ್ಮೆ ತಾನು ಕೆಲಸ ಮಾಡುವ ಕ್ಯಾಂಟೀನಿನ ಸ್ಕೂಟರಿನ ಹಿಂದೆ ಕೂತು ಹೋಗುತ್ತಿದ್ದಾಗ ಜಾಲ್ನಾ ರಸ್ತೆಯಲ್ಲಿ ಪೊಲೀಸರು ತಡೆದರು. ಓಡಿಸುವವನನ್ನು ಬಿಟ್ಟು, ತಮಾಷೆಗೆಂದು ಮುದ್ದಣ್ಣನ ಬಾಯಿಗೆ ಯಂತ್ರ ಹಿಡಿದು ಊದಿಸಿದರು. ಯಂತ್ರ ಸೊನ್ನೆ ತೋರಿಸಿತು. ಪೊಲೀಸಿನವನು ಅದನ್ನು ಅಂಗೈಗೆ ಬಡಿದು ನೋಡಿ, ಕೆಟ್ಟುಹೋಗಿದೆ ಎಂದು ಜೀಪಿನಲ್ಲಿ ಎಸೆದ. ಮುದ್ದಣ್ಣನ ಮಾತನ್ನು ನಂಬುವ ಯಂತ್ರ ಒಂದು ಸಿಕ್ಕಿದರೂ ಅದನ್ನೂ ಯಾರೂ ನಂಬಲಿಲ್ಲ ನೋಡಿ.

ಅವನದು ಕುಂದಾಪುರದ ಕಡೆಯ ಊರು. ತಂಗಿ ಮನೋರಮಾಳನ್ನು ನಾಸಿಕ್ ರೋಡಿನ ಪ್ರಭಾಕರನಿಗೆ ಕೊಟ್ಟಾಗ, ಭಾವನ ಹೋಟೆಲಿಗೆ ದೋಸೆ ಹೊಯ್ಯಲು ಇವನೂ ಹೊರಟು ಬಂದ. ಸ್ಟೇಷನ್ನಿನಿಂದ ಇಳಿದವರು, ನೋಟು ಅಚ್ಚುಹಾಕುವ ಪ್ರೆಸ್ಸಿನ ಕೆಲಸಗಾರರು ಪಾಳಿ ಮುಗಿಸಿ ಸಾಲಾಗಿ ಬಂದು ಕೂರುತ್ತಿದ್ದ ಶಾಕಾಹಾರಿ ಹೋಟೆಲು ಅದು. ಮುದ್ದಣ್ಣನ ಕೈಯ ದೋಸೆಯ ಅಂಚು ಕಾಗದದಷ್ಟು ತೆಳ್ಳಗೆ, ನಡು ಮೆತ್ತಗೆ. ಪ್ರಭಾಕರ ಗಲ್ಲಾಪೆಟ್ಟಿಗೆಯ ಮುಂದೆ ಕೂತು, ‘ನನ್ನ ಹೋಟೆಲಿನ ಹೆಸರು ನನ್ನದಲ್ಲ, ಭಾವನ ಕಾವಲಿಯದ್ದು’ ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ನಲವತ್ತು ಸಮೀಪಿಸುವ ಹೊತ್ತಿಗೆ ಆ ಕೈಯೇ ಕೈಕೊಟ್ಟಿತು. ಹಿಟ್ಟು ಸುತ್ತುತ್ತಿದ್ದಂತೆ ಸೌಟು ಹಾರುವುದು, ದೋಸೆಗೆ ಬಾಲ ಬರುವುದು. ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಬಿಸಿ ಸಾಂಬಾರಿನ ಬಟ್ಟಲು ಗಿರಾಕಿಯೊಬ್ಬನ ತೊಡೆಯ ಮೇಲೆ ಬಿತ್ತು. ಹತ್ತಿರದ ಡಾಕ್ಟರು ನರದ ದೌರ್ಬಲ್ಯ ಎಂದು ಗುಳಿಗೆ ಬರೆದುಕೊಟ್ಟರು. ಊರಿನಲ್ಲಾಗಿದ್ದರೆ ಬೇರೆ ಮಾತು. ಇವನ ತಾಯಿಯ ಅಣ್ಣನಿಗೂ ಹೀಗೆಯೇ ಕೈಕಾಲು ಕುಣಿಯುತ್ತಿದ್ದುದುಂಟು. ಅವರ ಮೈಮೇಲೆ ದೈವ ಬರುತ್ತದೆಂದು ಜನ ಎದ್ದು ನಿಂತು ಕೈಮುಗಿಯುತ್ತಿದ್ದರು. ಅದೇ ಕುಣಿತ ಗೋದಾವರಿ ದಡಕ್ಕೆ ಬಂದಾಗ ಹೆಂಡವಾಯಿತು.

ಆದರೆ ಹೆಂಡದ ಮಾತನ್ನು ಮೊದಲು ಆಡಿದವರು ಹೊರಗಿನವರಲ್ಲ. ಒಡಹುಟ್ಟಿದ ತಂಗಿ.

ಮನೋರಮಾಳಿಗೆ ಇಬ್ಬರು ಮಕ್ಕಳು, ಮಾನ್ಯಾ ಮತ್ತು ಸ್ವರೂಪ. ಮಾನ್ಯಾಳಿಗೆ ಪುಣೆಯಿಂದ ಸಂಬಂಧ ಬಂತು. ಅವರೂ ಊರ ಕಡೆಯವರೇ, ಎರಡು ಹೋಟೆಲಿನ ಒಡೆಯರು. ಹುಡುಗ ಶ್ರೀನಿಧಿಗೆ ಹುಡುಗಿ ಒಪ್ಪಿಗೆ. ಇವರದು ಅಳಿಯಸಂತಾನದ ಕಟ್ಟು: ಮನೆತನ ನಡೆಯುವುದು ತಾಯಿಯ ಕಡೆಯಿಂದ, ಆಸ್ತಿ ಯಜಮಾನಿಕೆ ಎಲ್ಲ ಸೋದರಮಾವನಿಂದ ಅಳಿಯನಿಗೆ. ಹಾಗಾಗಿ ಹೆಣ್ಣು ನೋಡಲು ಬಂದವರು ಹುಡುಗಿಯ ಅಪ್ಪನನ್ನು ಒಮ್ಮೆ ನೋಡಿದರೆ ಮಾವನನ್ನು ಎರಡು ಸಲ ನೋಡುತ್ತಾರೆ. ಹುಡುಗನ ತಂದೆ ನೋಡಿದರು. ಮುದ್ದಣ್ಣನ ಕೈಯ ಕಾಫಿ ಬಸಿಯಲ್ಲಿ ಅಲೆಯೆಬ್ಬಿಸುತ್ತಿತ್ತು.

“ಹುಡ್ಗಿ ಮಾವನಿಗೆ ಎಂತ ಆಯ್ತ್? ಕೈಕಾಲ್ ಹೀಂಗೆ ಕುಣಿತ್ತಲೆ. ಮನೆತನ್ದಲ್ಲಿ ಎಂತಾರೂ ಇತ್ತಾ?”

ಮನೋರಮಾ ಬಾಗಿಲಲ್ಲಿ ನಿಂತಿದ್ದಳು. ಯೋಚಿಸಲು ಉಸಿರೆಳೆಯುವಷ್ಟೂ ಹೊತ್ತಿರಲಿಲ್ಲ.

“ಇಲ್ಲಪ್ಪ, ಅಂಥದ್ದೆಂತ ಇಲ್ಲೆ. ಅಣ್ಣ ಸ್ವಲ್ಪ ತಕಂತ, ಅಷ್ಟೇ.”

ಹುಡುಗನ ತಂದೆಯ ಮುಖ ಅರಳಿತು. “ಓ, ಅದಾ! ಅದು ಯಾರ್ ಮನೆಲಿಲ್ಲ ಹೇಳಿ?”

ಹೆಣ್ಣು ಕೊಡುವ ತರುವ ಲೆಕ್ಕಾಚಾರವೇ ಹಾಗೆ. ಕುಡುಕ ಮಾವ ಅವನೊಬ್ಬನ ಹಣೆಬರಹ. ರೋಗಿ ಮಾವ ಇಡೀ ಮನೆತನದ ಹಣೆಬರಹ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮನೋರಮಾ ಜಾಣೆ, ಒಂದರಲ್ಲೇ ಮುಗಿಸಿದಳು.

ಮುದ್ದಣ್ಣನಿಗೆ ಆ ಮಾತು ಎದೆಗೆ ಇರಿದಂತಾಯಿತು. ಆದರೂ ಬಾಯಿ ಬಿಡಲಿಲ್ಲ. ಮಾನ್ಯಾಳನ್ನು ಎತ್ತಿ ಆಡಿಸಿದವನು ಅವನು. ಅವಳು ಹಲ್ಲು ಬರುವ ಮೊದಲು ನೆಕ್ಕಿದ ದೋಸೆಯ ಚೂರು ಅವನ ಕೈಯದು. ಒಂದು ಬಿರುದು ಹೊತ್ತರೆ ಹುಡುಗಿಯ ಬಾಳು ನೆಟ್ಟಗಾಗುವುದಾದರೆ ಹೊರೋಣ, ತನಗೇನು ಹೆಂಡತಿಯೇ ಮಕ್ಕಳೇ ಎಂದುಕೊಂಡ.

ಮದುವೆಯ ಬೆಳಿಗ್ಗೆ ಮನೋರಮಾ ಅಡಿಗೆ ಸಾಮಾನಿನ ಕೋಣೆಗೆ ಅವನನ್ನು ಕರೆದಳು. ಟವೆಲಿನಲ್ಲಿ ಸುತ್ತಿದ ಕ್ವಾರ್ಟರ್ ಬಾಟಲಿ ಅವಳ ಕೈಯಲ್ಲಿತ್ತು.

“ಅಣ್ಣ, ಪುಣೆಯೋರು ಎಲ್ಲಾ ಬಂದಿದ್ರ್. ಅವ್ರಲ್ಲಿ ಒಬ್ಬ ಡಾಕ್ಟ್ರೂ ಇದ್ದ. ನಿನ್ನ ಕಂಡ್ರೆ ಗೊತ್ತಾತ್ತ್. ವಾಸನಿ ಬಂದ್ರೆ ಯಾರೂ ಹತ್ರ ಬತ್ತಿಲ್ಲೆ. ಬಾಯಿಗೆ ಹಾಕ್‌ಬೇಡ, ಅಂಗಿಗೆ ಮಾತ್ರ.”

ಮುದ್ದಣ್ಣ ಹೊಸ ಅಂಗಿಯ ಕಾಲರನ್ನು ತಾನೇ ಎತ್ತಿ ಹಿಡಿದ. ಅವಳು ಅಳುತ್ತ ಚಿಮುಕಿಸಿದಳು. “ಹೋಯ್ಲಿ ಬಿಡ್ ಹೆಣ್ಣೆ, ಮರ್ಕಬೇಡ. ಮಾನ್ಯನ ಮದ್ವಿ ಚಂದ ಆಯ್ಲಿ,” ಎಂದು ಅವನೇ ಸಮಾಧಾನ ಹೇಳಿದ. ಸೋದರಸೊಸೆಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ಆ ದಿನ ಕೈತೊಳೆಯುವ ನಲ್ಲಿಯ ಪಕ್ಕ ಕೂತಿದ್ದ. ದೂರದ ಸಂಬಂಧದವನೊಬ್ಬ ಹುಡುಗಿಯನ್ನು ಕರೆತಂದ. ಮಾನ್ಯಾ ಒಂದೇ ಒಂದು ಸಲ ಈ ಕಡೆ ತಿರುಗಿ ನೋಡಿ ಮುಖ ತಿರುಗಿಸಿಕೊಂಡಳು. ಅದಕ್ಕೆ ಮಾತ್ರ ಅವನು ತಯಾರಾಗಿರಲಿಲ್ಲ.

ಮದುವೆ ಮುಗಿದರೂ ಬಿರುದು ಮುಗಿಯಲಿಲ್ಲ. ಹೆಂಡದ ವಾಸನೆ ಪ್ರಭಾಕರನ ಮೂಗಿಗೂ ಬಡಿದಿತ್ತು. ಮರ್ಯಾದಸ್ಥ ಹೋಟೆಲಿನಲ್ಲಿ ಕುಡುಕನನ್ನು ಹೇಗೆ ಇಟ್ಟುಕೊಳ್ಳುವುದು ಎಂದ. ಭಾವನಿಗಾದರೂ ನಿಜ ಹೇಳು ಎಂದು ಮುದ್ದಣ್ಣ ತಂಗಿಯನ್ನು ಬೇಡಿಕೊಂಡ.

“ಅವ್ರಿಗೆ ಹೇಳಿರೆ ಅವ್ರ ಅಕ್ಕಂಗೆ ಗೊತ್ತಾತ್ತ್. ಅಕ್ಕಂಗೆ ಗೊತ್ತಾರೆ ಪುಣೆಗೆ ಗೊತ್ತಾದಂಗೆ. ಸ್ವಲ್ಪ ದಿನ ತಡ್ಕೋ ಅಣ್ಣ,” ಎಂದಳು ಮನೋರಮಾ.

ಸ್ವಲ್ಪ ದಿನ ಎಂದದ್ದು ವರ್ಷಗಟ್ಟಲೆಯಾಯಿತು. ಸಂಭಾಜಿನಗರದಲ್ಲಿ, ಚಿಕಲಠಾಣಾದ ಕಾರ್ಖಾನೆಯೊಂದರ ಕ್ಯಾಂಟೀನು ನಡೆಸುವ ಊರಿನವನೊಬ್ಬ ದಯೆಯಿಂದ ಇವನನ್ನು ಇಟ್ಟುಕೊಂಡ. ಕಾವಲಿಯ ಹತ್ತಿರ ಬಿಡಲಿಲ್ಲ. ಮೆಂತ್ಯೆ ಸೊಪ್ಪು ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು. ಆ ಕೈಗೆ ಅದೂ ದೊಡ್ಡ ಕೆಲಸ. ಬೆಳ್ಳುಳ್ಳಿ ಎಸಳು ಹಾರಿ ಹೋಗಿ ಪಕ್ಕದವನ ಚಹಾದಲ್ಲಿ ಬೀಳುವುದು, ಎಲ್ಲರೂ ನಗುವುದು. ಪ್ರಭಾಕರ ಸತ್ತಾಗ ಬೊಜ್ಜದ ತಿಥಿಯೂಟಕ್ಕೆ ಹೋದ ಮುದ್ದಣ್ಣನಿಗೆ ಎಲೆ ಹಾಕಿದ್ದು ಜಗಲಿಯಲ್ಲಿ, ಒಬ್ಬನಿಗೇ. ಭಾವ ತನ್ನನ್ನು ಕುಡುಕನೆಂದು ನಂಬಿಕೊಂಡೇ ಸತ್ತನಲ್ಲ ಎಂದು ಅವನು ಅನ್ನದ ಮುಂದೆ ಅತ್ತ. ಅತ್ತದ್ದೂ ಹೆಂಡದ ಲೆಕ್ಕಕ್ಕೇ ಹೋಯಿತು.

ಹೀಗಿರುವಾಗ ಮೊನ್ನೆ ಚಳಿ ಕಳೆಯುವ ಹೊತ್ತಿಗೆ ಕ್ಯಾಂಟೀನಿನ ಮುಂದೆ ಟ್ಯಾಕ್ಸಿಯೊಂದು ನಿಂತಿತು. ಇಳಿದವಳು ಮನೋರಮಾ. ಅವಳಾಗಿ ಇಲ್ಲಿಗೆ ಬಂದದ್ದು ಅದೇ ಮೊದಲು. ಬೆಳ್ಳುಳ್ಳಿ ಸಿಪ್ಪೆಯ ನಡುವೆಯೇ ಕುಸಿದು ಕೂತಳು.

“ಅಣ್ಣ, ಸ್ವರೂಪಂಗೂ ಶುರು ಆಯ್ತ್.”

ಅವಳು ಬಿಡಿಬಿಡಿಯಾಗಿ ಹೇಳಿದ ಕಥೆ ಇಷ್ಟು. ಅಪ್ಪನ ನಂತರ ಹೋಟೆಲು ನೋಡಿಕೊಳ್ಳುತ್ತಿದ್ದ ಸ್ವರೂಪನ ಕೈಯಿಂದ ಲೋಟಗಳು ಬೀಳತೊಡಗಿದ್ದವು. ಎರಡು ವರ್ಷದ ಹಿಂದೆ ಮೆಟ್ಟಿಲಲ್ಲಿ ಬಿದ್ದು ತೊಡೆಯ ಮೂಳೆ ಮುರಿದು, ಆಪರೇಷನ್ ಮಾಡಿ ಸಲಾಕೆ ಹಾಕಿದ್ದರು, ರಕ್ತ ಕೊಟ್ಟಿದ್ದರು. ಎದ್ದು ಓಡಾಡತೊಡಗಿದ ಮೇಲೆ ಭುಜವೂ ಕುಣಿಯಿತು. ಮನೋರಮಾ ಅವನ ಕಪಾಟು ತಡಕಾಡಿದಳು, ಬಾಯಿ ಮೂಸಿದಳು, ಕೊನೆಗೆ ಚಾಂದವಡದ ಹತ್ತಿರ ಕುಡಿತ ಬಿಡಿಸುವ ಕೇಂದ್ರವೊಂದಕ್ಕೆ ಸೇರಿಸಿದಳು. ಕುಡಿಯದ ಹುಡುಗ ಅಲ್ಲಿ ಕುಡುಕರ ಸಾಲಿನಲ್ಲಿ ಕೂತು, ಇನ್ನು ಕುಡಿಯುವುದಿಲ್ಲ ಎಂದು ದಿನವೂ ಪ್ರಮಾಣ ಮಾಡಿದ. ಅಲ್ಲೇ ಮತ್ತೆ ಬಿದ್ದ. ಹಾಕಿದ ಸಲಾಕೆ ಸಡಿಲಾಯಿತು. ಈಗ ನಾಸಿಕ್ಕಿನ ಆಸ್ಪತ್ರೆಯಲ್ಲಿ ಮತ್ತೆ ಆಪರೇಷನ್ ಆಗಬೇಕು. ಆದರೆ ಯಾವ ರಕ್ತ ತಂದರೂ ಅವನ ರಕ್ತಕ್ಕೆ ಹೊಂದುತ್ತಿಲ್ಲ. ತಾಯಿಯ ಕಡೆಯ ಗಂಡಸರ ರಕ್ತ ಹೊಂದಬಹುದು, ಅಣ್ಣನೋ ತಮ್ಮನೋ ಇದ್ದರೆ ಕರೆತನ್ನಿ ಎಂದಿದ್ದಾರೆ ಡಾಕ್ಟರು.

ಮುದ್ದಣ್ಣ ಬೆಳ್ಳುಳ್ಳಿಯ ಬುಟ್ಟಿಯನ್ನು ಪಕ್ಕಕ್ಕೆ ತಳ್ಳಿದ.

“ನಿಂಗೆ ಗೊತ್ತಿತ್ತಲೆ ಮನೋ, ನಾನು ಕುಡಿತಿಲ್ಲೆ ಅಂತ. ನೀನೇ ಅಲ್ದಾ ನನ್ನ ಅಂಗಿಗೆ ಚಿಮ್ಕ್ಸದ್ದ್? ಗೊತ್ತಿದ್ದೂ ಮಗನ್ನ ಅಲ್ಲಿಗೆ ಹಾಕಿದ್ಯಾ?”

ಅವಳು ತಲೆ ಎತ್ತಲಿಲ್ಲ. “ಗೊತ್ತಿತ್ತ್. ಆದ್ರೂ ಕುಡ್ತವೇ ಆಯ್ಲಿ ದೇವ್ರೇ ಅಂತ ಹರ್ಕಿ ಹೊತ್ಕಂಡೆ. ಕುಡ್ತ ಆದ್ರೆ ಬಿಡ್ಸ್ಲಕ್ಕಲಾ ಅಣ್ಣ.”

ಮುದ್ದಣ್ಣ ಎದ್ದು ಅಂಗಿ ಬದಲಾಯಿಸಿದ. ಗುಂಡಿ ಹಾಕಲು ಬೆರಳು ಒಪ್ಪದಾಗ ತಂಗಿ ಎದ್ದು ಹಾಕಿದಳು. ಅದೇ ಟ್ಯಾಕ್ಸಿಯಲ್ಲಿ ವೈಜಾಪುರ, ಯೇವಲಾ ದಾಟಿ ನಾಸಿಕ್ ಮುಟ್ಟಿದರು.

ರಕ್ತದ ವಿಭಾಗದ ಡಾಕ್ಟರು ಮೃದುಲಾ ಎಂಬ ಹೆಂಗಸು. ಮುದ್ದಣ್ಣನನ್ನು ನಡೆಸಿ ನೋಡಿದರು, ನಾಲಿಗೆ ಚಾಚಿಸಿದರು, ಮೊಣಕಾಲಿಗೆ ಸುತ್ತಿಗೆ ತಟ್ಟಿದರು, ರಕ್ತ ತೆಗೆದು ಕಳಿಸಿದರು. ಮರುದಿನ ಕೂರಿಸಿಕೊಂಡು ಹಿಂದಿಯಲ್ಲಿ ಬಿಡಿಸಿ ಹೇಳಿದರು. ರಕ್ತದ ಕಣಗಳು ನುಣ್ಣಗೆ ಗುಂಡಗಿರಬೇಕು, ನಿಮ್ಮವು ಮುಳ್ಳುಮುಳ್ಳಾಗಿವೆ. ಎಲ್ಲರ ಕಣಗಳ ಮೇಲೂ ಇರುವ ಒಂದು ಗುರುತು ನಿಮ್ಮವುಗಳ ಮೇಲಿಲ್ಲ. ಅದನ್ನು ಮಾಡಿಸುವ ಜೀನ್ ಕೆಟ್ಟಿದೆ. ಅದು ಕೆಟ್ಟರೆ ರಕ್ತವೂ ಬದಲಾಗುತ್ತದೆ, ಮೆಲ್ಲಗೆ ನರ, ಸ್ನಾಯು, ಹೃದಯವೂ ಸೋಲುತ್ತವೆ. ಮೆಕ್ಲೌಡ್ ಎಂಬುದು ಅದರ ಹೆಸರು, ಬಲು ಅಪರೂಪದ್ದು.

“ಹೆಂಗಸರಲ್ಲಿ ಆ ಜೀನ್ ಇರುವ ಎಳೆ ಎರಡಿರುತ್ತವೆ. ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಗಂಡಸರಿಗೆ ಇರುವುದೇ ಒಂದು, ಅದೂ ತಾಯಿಯಿಂದ ಬಂದದ್ದು. ನಿಮ್ಮ ತಾಯಿ ನಿಮಗೆ ಕೊಟ್ಟರು, ನಿಮ್ಮ ತಂಗಿಗೂ ಕೊಟ್ಟರು. ತಂಗಿ ಮಗನಿಗೆ ಕೊಟ್ಟರು. ಇದರಲ್ಲಿ ಯಾರ ತಪ್ಪೂ ಇಲ್ಲ.”

ಮುದ್ದಣ್ಣ ಕೇಳುತ್ತ ಕೂತ. ಮಾವನಿಂದ ಅಳಿಯನಿಗೆ, ನಡುವೆ ಒಬ್ಬ ಹೆಂಗಸು. ಊರಿನ ಗದ್ದೆ ಮಾರಿ ತಲೆಮಾರಾಗಿತ್ತು, ಮನೆ ಬಿದ್ದುಹೋಗಿತ್ತು. ಸ್ವರೂಪನಿಗೆ ಕೊಡಲು ತನ್ನ ಹತ್ತಿರ ಏನೂ ಇಲ್ಲ ಎಂದು ಅವನು ಕೊರಗುತ್ತಿದ್ದುದುಂಟು. ಕಟ್ಟು ಮುರಿಯದೆ ನಡೆದುಬಂದ ಆಸ್ತಿ ಇದೊಂದೇ.

“ಹಾಗಾದ್ರೆ ನಾನು ಕುಡುಕ ಅಲ್ಲ ಅಂತ ರಕ್ತ ಹೇಳ್ತದಾ ಮೇಡಂ?” ಎಂದು ಕೇಳಿದ.

“ಹೌದು,” ಎಂದರು ಮೃದುಲಾ.

ಅಷ್ಟು ವರ್ಷದಲ್ಲಿ ಯಾರೂ ಹೇಳದ ಮಾತು. ಅವನ ಕಣ್ಣು ತುಂಬಿತು. ಕೈಯೆತ್ತಿ ಒರೆಸಿಕೊಳ್ಳಲು ಹೋದರೆ ಕೈ ಕಿವಿಗೆ ಬಡಿಯಿತು.

ತನ್ನ ರಕ್ತ ತೆಗೆದುಕೊಳ್ಳಿ ಎಂದು ತೋಳು ಚಾಚಿದ. ಆಗದು, ನಿಮ್ಮ ಹೃದಯ ಸೋತಿದೆ ಎಂದರು ಮೃದುಲಾ. ಸ್ವರೂಪನ ರಕ್ತವನ್ನೇ ಸ್ವಲ್ಪ ಸ್ವಲ್ಪವಾಗಿ ತೆಗೆದಿಟ್ಟು, ಅದನ್ನೇ ಕೊಟ್ಟು ಆಪರೇಷನ್ ಮಾಡುವುದಾಗಿ ಹೇಳಿದರು. ಆಮೇಲೆ ಮನೋರಮಾಳ ಕಡೆ ತಿರುಗಿದರು.

“ನಿಮ್ಮ ಮಗಳಿಗೆ ಗಂಡು ಮಗು ಇದೆ ಎಂದಿರಿ. ಮಗಳಿಗೆ ಕೆಟ್ಟ ಎಳೆ ಬಂದಿರಬಹುದು, ಬರದೆಯೂ ಇರಬಹುದು. ಅರ್ಧಕ್ಕರ್ಧ. ಇಬ್ಬರನ್ನೂ ಪರೀಕ್ಷೆ ಮಾಡಿಸಿ. ಈ ರೋಗವಿರುವ ಮಕ್ಕಳಿಗೆ ಒಮ್ಮೆ ಹೊರಗಿನ ರಕ್ತ ಕೊಟ್ಟರೆ ಆಗ ಏನೂ ಆಗದಿರಬಹುದು. ಆದರೆ ಮೈ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಎರಡನೇ ಸಲ ಕೊಟ್ಟರೆ ಪ್ರಾಣಕ್ಕೇ ಕುತ್ತು. ನಿಮ್ಮ ಮಗನಿಗೆ ಆಗಿರುವುದು ಅದೇ. ನಾನಾಗಿ ಫೋನ್ ಮಾಡಿ ಹೇಳುವಂತಿಲ್ಲ. ಮನೆಯವರೇ ಹೇಳಬೇಕು.”

ಮೊಮ್ಮಗ ಉತ್ಕರ್ಷನಿಗೆ ಬರುವ ರಜೆಯಲ್ಲಿ ಗಂಟಲ ಟಾನ್ಸಿಲ್ ಗಡ್ಡೆ ತೆಗೆಸುವುದಿದೆ ಎಂಬುದು ಮನೋರಮಾಳಿಗೆ ಗೊತ್ತಿತ್ತು. ಡಾಕ್ಟರ ಮುಂದೆ ಹೇಳಲಿಲ್ಲ. ಹೊರಗೆ ಬಂದ ಮೇಲೆ ಅಣ್ಣನ ತೋಳು ಹಿಡಿದುಕೊಂಡಳು.

“ನಾಳೆ ಪುಣೆಯೋರು ಸ್ವರೂಪನ್ನ ಕಾಂಬುಕೆ ಬತ್ರ್. ಹುಡ್ಗ ಕುಡಿತಿದ್ದ, ಬಿದ್ದ, ಅಷ್ಟೇ ಹೇಳುದ್. ನಿನ್ನ ಕಾಲಿಗೆ ಬೀಳ್ತೆ ಅಣ್ಣ. ಗೊತ್ತಾರೆ ಮಾನ್ಯನ್ನ ಮನಿಗೆ ಕಳ್ಸ್ತ್ರ್.”

“ಮಗೂಗೆ ರಕ್ತ ಕೊಡ್ಕಾಯಿ ಬಂದ್ರೆ ಎಂತ ಮಾಡುದ್?”

“ಗಂಟ್ಲ್ ಗಡ್ಡಿಗೆ ಯಾರೂ ರಕ್ತ ಕೊಡುದಿಲ್ಲೆ. ಅರ್ಧಕ್ಕರ್ಧ ಅಂದ್ರಲೆ ಡಾಕ್ಟ್ರು. ಮಾನ್ಯಂಗೆ ಬಂದಿರುಕಿಲ್ಲೆ.”

ಮುದ್ದಣ್ಣ ತೋಳು ಬಿಡಿಸಿಕೊಂಡು ವಾರ್ಡಿಗೆ ನಡೆದ. ಒಳಗೆ ಸ್ವರೂಪ ವಿಷಯ ತಿಳಿದಾಗಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದ. ಮುದ್ದಣ್ಣ ಅವನ ತಲೆ ಸವರಲು ಹೋಗಿ, ಕೈ ಎಲ್ಲಿ ಬಡಿದೀತೋ ಎಂದು ಹಿಂದೆ ತೆಗೆದ. ತನ್ನ ಹೆಸರು ಹೋದದ್ದು ಹೋಯಿತು. ಕುಡುಕ ಎಂದು ಇನ್ನಷ್ಟು ವರ್ಷ ಕರೆಸಿಕೊಳ್ಳಲು ಅವನಿಗೆ ಬೇಸರವೂ ಇರಲಿಲ್ಲ. ಆದರೆ ಅವನು ಹೊತ್ತ ಸುಳ್ಳಿನ ಕೆಳಗೆ ಈಗ ಒಂದು ಮಗು ಬಂದು ನಿಂತಿತ್ತು. ಅಂದು ತಾನು ಕಾಲರು ಎತ್ತಿ ಹಿಡಿಯದಿದ್ದರೆ ರೋಗ ಆಗಲೇ ಹೊರಬಿದ್ದು, ಸ್ವರೂಪನಿಗೆ ಆ ಮೊದಲ ಬಾಟಲಿ ರಕ್ತ ಹೋಗುತ್ತಲೇ ಇರಲಿಲ್ಲವೇನೋ ಎಂದು ಅವನಿಗೆ ಅನ್ನಿಸಿತು. ಈ ಸಲ ಹೇಳಿಯೇ ತೀರಬೇಕು ಎಂದು ನಿಶ್ಚಯಿಸಿದ.

ಮರುದಿನ ಆಸ್ಪತ್ರೆಯ ಕೆಳಗಿನ ಚಹಾ ಕ್ಯಾಂಟೀನಿನಲ್ಲಿ ಎಲ್ಲರೂ ಸೇರಿದರು. ಬೀಗರು, ಅಳಿಯ ಶ್ರೀನಿಧಿ, ಮಾನ್ಯಾ, ಅವಳ ಮಗ್ಗುಲಿಗೆ ಉತ್ಕರ್ಷ. ಮನೋರಮಾ ಸ್ವರೂಪನ ಕುಡಿತದ ಕಥೆಯನ್ನು ಚಂದವಾಗಿ ಹೇಳಿ ಮುಗಿಸಿದ್ದಳು. ಈ ಕಾಲದ ಹುಡುಗರೇ ಹಾಗೆ ಎಂದು ಬೀಗರು ತಲೆಯಾಡಿಸುತ್ತಿದ್ದರು. ಆಗ ಮುದ್ದಣ್ಣ ಮೇಜು ಹಿಡಿದು ಎದ್ದು ನಿಂತ.

“ಸು... ಸುಳ್ಳ್. ಸ್ವರೂಪ ಕುಡಿತಿಲ್ಲೆ. ನಾನೂ ಕು... ಕುಡಿತಿಲ್ಲೆ. ಇದ್ ರಕ್ತದ್ ರೋಗ. ನಮ್ಮ ಅಬ್ಬಿಯಿಂದ ಬಂದದ್ದ್. ಮಾನ್ಯಂಗೂ ಬಂದಿರ್ಲಿಕ್ಕೂ ಸಾಕ್. ಮ... ಮಗೂಗೆ ಗಂಟ್ಲ್ ಆಪ್ರೇಷನ್ ಮಾಡುಕ್ ಮುಂಚೆ ರಕ್ತ ಪರೀಕ್ಷಿ ಮಾಡ್ಸಿ.”

ಹೇಳುವ ಉದ್ವೇಗಕ್ಕೆ ಮೈ ಇನ್ನಷ್ಟು ಕುಣಿಯಿತು. ಕಾಲು ಹಾರಿ ಕುರ್ಚಿ ಉರುಳಿತು. ತುಟಿ ಕಚ್ಚಿ ರಕ್ತ ಬಂತು, ಎಂಜಲು ಮೇಜಿನ ಮೇಲೆ ಸಿಡಿಯಿತು. ಆಚೆ ಮೇಜಿನವರು ತಿರುಗಿ ನೋಡಿದರು. ಬೀಗರು ಒಂದು ಕ್ಷಣ ಬೆಪ್ಪಾಗಿ, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು.

“ಹ್ವಾಯ್ ಮುದ್ದಣ್ಣ, ಬೆಳ್ಗಾತ ಬೆಳ್ಗಾತವೇ ಹಾಕಿದ್ರಿಯಾ?”

“ಮಾಮಾ, ಪ್ಲೀಸ್, ಇಥೇ ನಕೋ,” ಎಂದಳು ಮಾನ್ಯಾ. ಇಲ್ಲಿ ಬೇಡ ಎಂದು. ಮಗುವಿನ ಮುಖವನ್ನು ತನ್ನ ಸೆರಗಿಗೆ ಒತ್ತಿಕೊಂಡಳು.

“ನಂಬದಿದ್ರೆ ಮ... ಮನೋರಮನ್ನ ಕೇಳಿ,” ಎಂದ ಮುದ್ದಣ್ಣ.

ಎಲ್ಲರೂ ಅವಳ ಕಡೆ ನೋಡಿದರು. ಮುದ್ದಣ್ಣನೂ ನೋಡಿದ. ಹೌದು ಎಂಬ ಒಂದು ಮಾತು ಸಾಕಿತ್ತು. ಮನೋರಮಾ ಚಹಾದ ಕೆನೆಯನ್ನು ಬೆರಳಿನಿಂದ ತೆಗೆದು ಬಸಿಯ ಅಂಚಿಗೆ ಒರೆಸಿದಳು.

“ಹೋಯಿ ಮನಿಕೋ ಅಣ್ಣ,” ಎಂದಳು. “ಆಮೇಲೆ ಮಾತಾಡ್ವ.”

ಬೀಗರಿಗೆ ಅವನ ಮೇಲೆ ಕನಿಕರ ಬಂತು. ಕೆಟ್ಟ ಮನುಷ್ಯರೇನಲ್ಲ ಅವರು. ಜೇಬಿನಿಂದ ಒಂದು ನೋಟು ತೆಗೆದು, ಎರಡು ಬೆರಳ ನಡುವೆ ಹಿಡಿದು, ದನಿ ತಗ್ಗಿಸಿ, “ತಕಣಿ, ಕ್ವಾರ್ಟರಿಗೆ ಆಯ್ತ್. ಮಕ್ಳ ಎದ್ರಿಗೆ ಮಾತ್ರ ಬೇಡ,” ಎಂದರು.

ಬೇಡ ಎನ್ನಲು ಮುದ್ದಣ್ಣ ಬಾಯಿ ತೆರೆದ. ಅಷ್ಟರಲ್ಲಿ ಆ ಹಾಳು ಕೈ ತಾನಾಗಿ ಮುಂದಕ್ಕೆ ಹಾರಿ ನೋಟನ್ನು ಕಸಿದುಕೊಂಡಿತು. ಮುಷ್ಟಿ ಬಿಗಿಯಿತು. ಆಚೆ ಮೇಜಿನವರೂ ನಕ್ಕರು, ಶ್ರೀನಿಧಿಯೂ ನಕ್ಕ. ಮುದ್ದಣ್ಣ ಇನ್ನೊಂದು ಕೈಯಿಂದ ಬೆರಳು ಬಿಡಿಸಲು ಒದ್ದಾಡುತ್ತ ತಂಗಿಯ ಮುಖ ನೋಡಿದ.

ಮನೋರಮಾ ನಗುತ್ತಿದ್ದಳು.